ಮೈಗ್ರೇಶನ್ ಮತ್ತು ಡಯಾಸ್ಪೊರಾ: ಮುಂಬಯಿ ಕನ್ನಡ ಸಾಹಿತ್ಯದ ಹಿನ್ನೆಲೆಯಲ್ಲಿ ಒಂದು ಅರ್ಥವಿಚಾರ

1

ಹೊರನಾಡಿನ ಕನ್ನಡ ಸಾಹಿತ್ಯವನ್ನು ಕುರಿತ ಚರ್ಚೆಗಳಲ್ಲಿ ಈಚಿನ ದಶಕಗಳಲ್ಲಿ ಎರಡು ಇಂಗ್ಲಿಷ್ ಶಬ್ದಗಳು ಮತ್ತೆ ಮತ್ತೆ ಬಳಕೆಯಾಗುತ್ತಿವೆ. ಒಂದು ಮೈಗ್ರೇಶನ್, ಇನ್ನೊಂದು ಡಯಾಸ್ಪೊರಾ. ವಿಚಾರ ಸಂಕಿರಣಗಳ ಶೀರ್ಷಿಕೆಗಳಲ್ಲಿಯೂ ಪಿಎಚ್.ಡಿ. ನಿಬಂಧಗಳ ಪೀಠಿಕೆಗಳಲ್ಲಿಯೂ ಇವೆರಡನ್ನು ಪರ್ಯಾಯ ಪದಗಳೆಂಬಂತೆ ಪ್ರಯೋಗಿಸುವ ರೂಢಿ ಬೆಳೆದಿದೆ. ಒಂದೇ ಪುಟದಲ್ಲಿ ಮುಂಬಯಿ ಕನ್ನಡಿಗರನ್ನು ಒಮ್ಮೆ ವಲಸಿಗರೆಂದೂ ಮತ್ತೊಮ್ಮೆ ಡಯಾಸ್ಪೊರಾ ಸಮುದಾಯವೆಂದೂ ಕರೆಯುವುದನ್ನು ಕಾಣುತ್ತೇವೆ. ಮೊದಲನೆಯದು ಸಾಮಾನ್ಯವಾದ ಮಾತು, ಎರಡನೆಯದು ಅದಕ್ಕಿಂತ ಗಂಭೀರವಾದದ್ದು ಎಂಬ ಭಾವನೆಯೂ ಇದರ ಹಿಂದೆ ಕೆಲಸಮಾಡುತ್ತಿರುವಂತಿದೆ.

ಪರಿಭಾಷೆಯ ಗೊಂದಲ ಕೇವಲ ಶಬ್ದಗಳ ಗೊಂದಲವಾಗಿದ್ದರೆ ಅದನ್ನು ನಿಘಂಟುಕಾರರಿಗೆ ಬಿಟ್ಟುಕೊಡಬಹುದಿತ್ತು. ಆದರೆ ಒಂದು ಕೃತಿಗೆ ನಾವು ಕೊಡುವ ಹೆಸರು, ಆ ಕೃತಿಯಲ್ಲಿ ನಾವು ಏನನ್ನು ಹುಡುಕುತ್ತೇವೆ ಎಂಬುದನ್ನೂ ನಿರ್ಧರಿಸುತ್ತದೆ. ಡಯಾಸ್ಪೊರಾ ಸಾಹಿತ್ಯವೆಂದು ಕರೆದ ಕೂಡಲೇ ತಾಯ್ನಾಡಿನ ಹಂಬಲ, ಬೇರು ಕಳಚಿದ ನೋವು, ಎರಡು ಲೋಕಗಳ ನಡುವಿನ ತೊಳಲಾಟ ಇವುಗಳನ್ನು ಅರಸತೊಡಗುತ್ತೇವೆ. ಅರಸಿದ್ದು ಸಿಕ್ಕಿದರೆ ಮೆಚ್ಚುತ್ತೇವೆ, ಸಿಗದಿದ್ದರೆ ಕೃತಿಯನ್ನೇ ಬದಿಗಿರಿಸುತ್ತೇವೆ. ಆದುದರಿಂದ ಈ ಎರಡು ಶಬ್ದಗಳ ಅರ್ಥವನ್ನೂ ಅಂತರವನ್ನೂ ವಿವೇಚಿಸಿ, ಮುಂಬಯಿಯ ಕನ್ನಡ ಬರವಣಿಗೆಗೆ ಅವು ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಮೈಗ್ರೇಶನ್ ಎಂಬುದು ಲ್ಯಾಟಿನ್ ಮೂಲದ ಶಬ್ದ. ಒಂದು ನೆಲೆಯಿಂದ ಇನ್ನೊಂದಕ್ಕೆ ಸಾಗುವುದು ಎಂಬುದೇ ಅದರ ಮೂಲಾರ್ಥ. ಹಕ್ಕಿಗಳಿಗೂ ಮೀನುಗಳಿಗೂ ಈ ಶಬ್ದ ಸಲ್ಲುತ್ತದೆ ಎಂಬುದನ್ನು ಗಮನಿಸಬೇಕು. ಸಾಗುವ ಕಾರಣವೇನು, ಸಾಗಿದವನ ಮನಸ್ಸಿನಲ್ಲಿ ಏನಿದೆ ಎಂಬ ಪ್ರಶ್ನೆಗಳನ್ನು ಅದು ಕೇಳುವುದಿಲ್ಲ. ಸಮಾಜವಿಜ್ಞಾನದಲ್ಲಿ ಇದಕ್ಕೆ ಶಾಸ್ತ್ರೀಯ ಸ್ವರೂಪ ದೊರೆತುದು ರಾವೆನ್‌ಸ್ಟೈನ್ ಎಂಬ ಭೂಗೋಳಜ್ಞ 1885ರಲ್ಲಿ ಮಂಡಿಸಿದ ವಲಸೆಯ ನಿಯಮಗಳಿಂದ. ಬಹುಪಾಲು ಜನ ಹತ್ತಿರದ ಸ್ಥಳಗಳಿಗೇ ಹೋಗುತ್ತಾರೆ, ಪ್ರತಿಯೊಂದು ವಲಸೆಯ ಪ್ರವಾಹವೂ ಒಂದು ಮರುಪ್ರವಾಹವನ್ನು ಹುಟ್ಟಿಸುತ್ತದೆ ಎಂಬುವು ಅವುಗಳಲ್ಲಿ ಮುಖ್ಯವಾದವು. ನಮ್ಮ ಜನಗಣತಿಯೂ ಹುಟ್ಟಿದ ಸ್ಥಳ ಯಾವುದು, ಹಿಂದಿನ ವಾಸಸ್ಥಳ ಯಾವುದು ಎಂದು ಕೇಳಿ ವಲಸಿಗನನ್ನು ಗುರುತಿಸುತ್ತದೆ. ಮುಂಬಯಿಯಲ್ಲಿಯೇ ಹುಟ್ಟಿ ಅಲ್ಲಿಯೇ ಬೆಳೆದ ಮಗು ಹುಟ್ಟಿದ ಸ್ಥಳದ ಲೆಕ್ಕದಲ್ಲಿ ವಲಸಿಗನೆನಿಸುವುದಿಲ್ಲ. ಎಂದರೆ ಮೈಗ್ರೇಶನ್ ಎಂಬುದು ಒಂದು ಘಟನೆ. ಅದಕ್ಕೆ ಆರಂಭವಿದೆ, ಮುಕ್ತಾಯವಿದೆ. ಅದನ್ನು ಎಣಿಸಬಹುದು, ಅದು ಒಬ್ಬನ ಆಯುಷ್ಯದೊಳಗೆ ಮುಗಿಯುತ್ತದೆ.

ಡಯಾಸ್ಪೊರಾ ಗ್ರೀಕ್ ಶಬ್ದ. ಬೀಜವನ್ನು ಎಲ್ಲೆಡೆ ಎರಚುವುದು, ಚದುರಿಸುವುದು ಎಂಬ ಕ್ರಿಯೆಯಿಂದ ಹುಟ್ಟಿದ್ದು. ಹೀಬ್ರೂ ಧರ್ಮಗ್ರಂಥಗಳ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಯಹೂದಿಗಳ ಚದುರುವಿಕೆಯನ್ನು ಹೇಳಲು ಬಳಕೆಯಾದ ಮೇಲೆ ಅದು ಬಹುಕಾಲ ಆ ಒಂದು ಜನಾಂಗದ ಅನುಭವಕ್ಕೇ ಹೆಚ್ಚಾಗಿ ಮೀಸಲಾಗಿತ್ತು. 1991ರಲ್ಲಿ ಡಯಾಸ್ಪೊರಾ ಎಂಬ ಹೆಸರಿನದೇ ಒಂದು ವಿದ್ವತ್ಪತ್ರಿಕೆ ಆರಂಭವಾಯಿತು. ಅದರಲ್ಲಿಯೇ ವಿಲಿಯಂ ಸಾಫ್ರಾನ್ ಈ ಶಬ್ದಕ್ಕೆ ಸಲ್ಲುವ ಸಮುದಾಯದ ಲಕ್ಷಣಗಳನ್ನು ಪಟ್ಟಿಮಾಡಿದರು. ಒಂದು ಕೇಂದ್ರದಿಂದ ಎರಡು ಅಥವಾ ಹೆಚ್ಚು ಕಡೆಗಳಿಗೆ ಚದುರಿರುವುದು, ತಾಯ್ನಾಡಿನ ಸಾಮೂಹಿಕ ಸ್ಮೃತಿ, ಇದ್ದ ಕಡೆ ಪೂರ್ಣವಾಗಿ ಸ್ವೀಕೃತರಾಗಲಿಲ್ಲವೆಂಬ ಭಾವ, ಮರಳುವ ಆದರ್ಶ, ಆ ನಾಡಿನ ಕ್ಷೇಮಕ್ಕಾಗಿ ಬದ್ಧತೆ, ಅದರೊಂದಿಗೆ ಬಿಡದ ಸಂಬಂಧ ಇವು ಆ ಲಕ್ಷಣಗಳು. ರಾಬಿನ್ ಕೊಹೆನ್ 1997ರಲ್ಲಿ ಇದನ್ನು ವಿಸ್ತರಿಸಿ ಕಾರ್ಮಿಕರ, ವ್ಯಾಪಾರಿಗಳ ಚದುರುವಿಕೆಗಳಿಗೂ ಎಡೆಮಾಡಿಕೊಟ್ಟರು. 2005ರ ವೇಳೆಗೆ ರಾಜರ್ಸ್ ಬ್ರೂಬೇಕರ್ ಈ ಶಬ್ದವೇ ದಿಕ್ಕುದಿಕ್ಕಿಗೆ ಚದುರಿಹೋಗಿದೆ, ಎಲ್ಲರೂ ಡಯಾಸ್ಪೊರಾ ಆದರೆ ಯಾರನ್ನೂ ಪ್ರತ್ಯೇಕಿಸಲು ಅದು ಉಳಿಯುವುದಿಲ್ಲವೆಂಬ ಅರ್ಥದ ಎಚ್ಚರಿಕೆ ಕೊಡಬೇಕಾಯಿತು. ಕನ್ನಡ ವಿಮರ್ಶೆ ಈ ಎಚ್ಚರಿಕೆಯನ್ನು ಕೇಳಿಸಿಕೊಂಡಂತೆ ಕಾಣುವುದಿಲ್ಲ.

ಮೇಲಿನ ವಿವೇಚನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೈಗ್ರೇಶನ್ ಚಲನೆಯ ಹೆಸರು, ಡಯಾಸ್ಪೊರಾ ಸಂಬಂಧದ ಹೆಸರು. ಮೊದಲನೆಯದು ವ್ಯಕ್ತಿಗೆ ಸಲ್ಲುತ್ತದೆ, ಎರಡನೆಯದು ಸಮುದಾಯಕ್ಕೆ. ವಲಸೆ ಬಂದವರೆಲ್ಲ ಡಯಾಸ್ಪೊರಾ ಆಗಬೇಕಾಗಿಲ್ಲ. ತಾನೆಂದೂ ವಲಸೆ ಹೋಗದವನು, ಅಜ್ಜನ ವಲಸೆಯ ನೆನಪಿನಿಂದಲೇ, ಡಯಾಸ್ಪೊರಾದ ಸದಸ್ಯನಾಗಿರುವುದು ಸಾಧ್ಯ.

3

ಶಬ್ದಗಳು ಹೊಸವಾದರೂ ಅನುಭವಗಳು ನಮಗೆ ಹೊಸವಲ್ಲ. ನಡುಗಾಲದ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಈ ಅಂತರವನ್ನು ತಿಳಿಯಲು ಕಲ್ಯಾಣಕ್ಕಿಂತ ಉತ್ತಮವಾದ ನಿದರ್ಶನ ತೋರುವುದಿಲ್ಲ. 12ನೆಯ ಶತಮಾನದಲ್ಲಿ ಶರಣರು ಕಲ್ಯಾಣಕ್ಕೆ ಬಂದರು. ಬಳ್ಳಿಗಾವೆಯಿಂದ ಅಲ್ಲಮ, ಉಡುತಡಿಯಿಂದ ಅಕ್ಕ, ಪರಂಪರೆಯ ಪ್ರಕಾರ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯ. ಇದು ವಲಸೆ. ಅವರಲ್ಲಿ ಯಾರೂ ತಾವು ಬಿಟ್ಟುಬಂದ ಊರನ್ನು ಕುರಿತು ವಚನಗಳಲ್ಲಿ ಹಲುಬಿದವರಲ್ಲ. ಆ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣದಲ್ಲಿ ನಡೆದ ವಿಪ್ಲವದ ಬಳಿಕ ಅವರು ಉಳವಿಯೇ ಮೊದಲಾದ ಕಡೆಗಳಿಗೆ ಚದುರಿದರು. ಇದು ನಿಜವಾದ ಅರ್ಥದಲ್ಲಿ ಡಯಾಸ್ಪೊರಾ. ಕಲ್ಯಾಣ ಒಂದು ಪಟ್ಟಣದ ಹೆಸರಾಗಿ ಉಳಿಯದೆ ಕಳೆದುಹೋದ ಕೇಂದ್ರದ ಹೆಸರಾಯಿತು. ಚದುರಿದ ವಚನಗಳನ್ನು ಕೂಡಿಸುವುದು ಧರ್ಮಕಾರ್ಯವಾಯಿತು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ರಚಿಸಿದಾಗ, ಆ ಸಭೆಯನ್ನು ಕಾಣದಿದ್ದವರು ಅದನ್ನು ಗ್ರಂಥದಲ್ಲಿ ಮತ್ತೆ ಕಟ್ಟಿದರು. ನೆನಪಿನಿಂದ ಕೇಂದ್ರವನ್ನು ಪುನಃ ನಿರ್ಮಿಸುವ ಈ ಕೆಲಸವೇ ಡಯಾಸ್ಪೊರಾ ಸಾಹಿತ್ಯದ ಹೆಗ್ಗುರುತು.

ಇದಕ್ಕೆ ಪ್ರತಿಯಾಗಿ ಪಂಪನನ್ನು ನೋಡಬಹುದು. ಇಂದು ತೆಲಂಗಾಣದಲ್ಲಿರುವ ವೇಮುಲವಾಡದ ಆಸ್ಥಾನದಲ್ಲಿ ಆತ ತನ್ನ ಭಾರತವನ್ನು ಬರೆದನು. ಅದರಲ್ಲಿ ಬನವಾಸಿಯ ಹಂಬಲ ಎಷ್ಟು ಗಾಢವಾಗಿದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಆದರೂ ಪಂಪನನ್ನು ಡಯಾಸ್ಪೊರಾ ಕವಿ ಎನ್ನಲು ಬಾರದು. ಕನ್ನಡ ನಾಡು ಗೋದಾವರಿಯವರೆಗೆ ಹಬ್ಬಿತ್ತೆಂದು ಕವಿರಾಜಮಾರ್ಗ ಹೇಳಿದ ಮೇಲೆ ಅವನು ಇದ್ದದ್ದು ಪರನಾಡಿನಲ್ಲಿ ಎಂದು ಯಾರೂ ಭಾವಿಸಿರಲಾರರು. ಹಂಬಲವೊಂದೇ ಡಯಾಸ್ಪೊರಾ ಆಗುವುದಿಲ್ಲ ಎಂಬುದಕ್ಕೆ ಈ ನಿದರ್ಶನ ಸಾಕು.

ಕನ್ನಡದ ಶಬ್ದಗಳೂ ಇಲ್ಲಿ ವಿಚಾರಾರ್ಹವಾಗಿವೆ. ಮೈಗ್ರೇಶನ್ನಿಗೆ ಇಂದು ನಾವು ವಲಸೆ ಎನ್ನುತ್ತೇವೆ. ಆದರೆ ಶತ್ರುಸೈನ್ಯವೇ ಮೊದಲಾದವುಗಳ ಭಯದಿಂದ ಮನೆಮಠ ಬಿಟ್ಟು ಓಡುವುದು ಎಂಬುದು ವಲಸೆಯ ಹಳೆಯ ಅರ್ಥ. ಎಂದರೆ ಇಂಗ್ಲಿಷಿನಲ್ಲಿ ತಟಸ್ಥವಾಗಿರುವ ಶಬ್ದಕ್ಕೆ ಕನ್ನಡದಲ್ಲಿ ಭಯದ ನೆರಳುಳ್ಳ ಶಬ್ದವೊಂದು ಪರ್ಯಾಯವಾಗಿದೆ. ಬಯಲುಸೀಮೆಯ ಆಡುಮಾತಿನಲ್ಲಿ ಗುಳೆ ಎಂಬ ಇನ್ನೊಂದು ಶಬ್ದವಿದೆ. ಮಳೆ ಕೈಕೊಟ್ಟ ವರ್ಷ, ಅಥವಾ ಸುಗ್ಗಿ ಮುಗಿದ ಮೇಲೆ, ಹೆಂಡಿರು ಮಕ್ಕಳೊಂದಿಗೆ ದುಡಿಮೆ ಅರಸಿ ಹೋಗಿ ಮಳೆಗಾಲಕ್ಕೆ ಮರಳುವುದು ಗುಳೆ. ವಲಸೆ ಹೋದವನು ನೆಲೆನಿಲ್ಲಬಹುದು, ಗುಳೆ ಹೋದವನು ಮರಳಬೇಕು. ಇಂಗ್ಲಿಷಿನ ಒಂದು ಮೈಗ್ರೇಶನ್ನಿನೊಳಗೆ ಕನ್ನಡದ ಎರಡು ಅನುಭವಗಳು ಅಡಗಿವೆ.

4

ಈಗ ಮುಂಬಯಿಗೆ ಬರಬಹುದು. ಮುಂಬಯಿ ಕನ್ನಡಿಗರನ್ನು ಹೊರನಾಡ ಕನ್ನಡಿಗರೆಂದು ಕರೆಯುವಾಗ ನಾವು ಒಂದು ಐತಿಹಾಸಿಕ ಸಂಗತಿಯನ್ನು ಮರೆಯುತ್ತೇವೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಅದೇ ಪ್ರಾಂತದಲ್ಲಿದ್ದವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವನೂ ಮುಂಬಯಿ ವಿಶ್ವವಿದ್ಯಾಲಯದ ಪದವೀಧರನೇ ಆಗಿದ್ದನು. ಇಂತಹವನು 1940ರಲ್ಲಿ ನೌಕರಿಗಾಗಿ ಮುಂಬಯಿಗೆ ಹೋದರೆ ಅವನು ಹೋದದ್ದು ತನ್ನದೇ ಪ್ರಾಂತದ ರಾಜಧಾನಿಗೆ. ಅದೇ ವರ್ಷ ಉಡುಪಿಯಿಂದ ಹೋದವನು ಮಾತ್ರ ಮದರಾಸು ಪ್ರಾಂತದಿಂದ ಬೇರೊಂದು ಪ್ರಾಂತಕ್ಕೆ ಹೋದಂತಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಇಬ್ಬರೂ ಒಟ್ಟಿಗೆ ಹೊರನಾಡಿನವರಾದರು. ಅವರು ಕುಳಿತಲ್ಲಿಯೇ ಇದ್ದರು, ಗಡಿ ಸರಿಯಿತು. ಹೀಗೆ ಹೊರನಾಡು ಎಂಬುದು ಮುಂಬಯಿಯ ಮಟ್ಟಿಗೆ ಆಡಳಿತದ ಗೆರೆಯೊಂದು ಹುಟ್ಟುಹಾಕಿದ ಶಬ್ದವಾಗಿದೆ. ಚದುರುವಿಕೆಯ ಅನುಭವದಿಂದ ಅದು ಮೂಡಿದ್ದಲ್ಲ.

ಸಂಸ್ಥೆಗಳ ಇತಿಹಾಸವೂ ಇದನ್ನೇ ಸೂಚಿಸುತ್ತದೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಕೆನರಾ ಸಾರಸ್ವತ ಅಸೋಸಿಯೇಶನ್ 1911ರಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಏಕೀಕೃತ ಕರ್ನಾಟಕ ಎಂಬ ತಾಯ್ನಾಡು ಭೂಪಟದಲ್ಲಿ ಇನ್ನೂ ಇರದಿದ್ದ ಕಾಲವದು. ಇವುಗಳಲ್ಲಿ ಹಲವು ಸಂಘಗಳ ಆಧಾರ ಜಾತಿ ಇಲ್ಲವೆ ಪ್ರದೇಶ. ಅವುಗಳ ಸದಸ್ಯರಲ್ಲಿ ಬಹುಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಕನ್ನಡ ಅವರಿಗೆ ಶಾಲೆಯ, ಪತ್ರಿಕೆಯ, ಯಕ್ಷಗಾನದ ಭಾಷೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರಿಗೆ ಕನ್ನಡ ಬಿಟ್ಟುಬಂದ ಭಾಷೆಯಾಗಿರದೆ ಮುಂಬಯಿಯಲ್ಲಿ ಸಂಪಾದಿಸಿಕೊಂಡ ಭಾಷೆಯಾಗಿತ್ತು. ತಾಯ್ನಾಡಿನಿಂದ ತಂದ ನುಡಿಯನ್ನು ಪರಸ್ಥಳದಲ್ಲಿ ಕಾಪಾಡಿಕೊಳ್ಳುವ ಡಯಾಸ್ಪೊರಾ ಮಾದರಿಗೆ ಇದು ಒಗ್ಗುವುದಿಲ್ಲ.

ಮುಂಬಯಿ ಕನ್ನಡಿಗರ ಆಡುಮಾತಿನಲ್ಲಿ ಊರು ಎಂಬ ಶಬ್ದಕ್ಕಿರುವ ಸ್ಥಾನವನ್ನು ಇಲ್ಲಿ ನೆನೆಯಬೇಕು. ಐವತ್ತು ವರ್ಷ ಡೊಂಬಿವಲಿಯಲ್ಲೋ ಘಾಟ್ಕೋಪರಿನಲ್ಲೋ ಬಾಳಿದವರೂ ಊರಿಗೆ ಹೋಗಿಬಂದೆ ಎಂದರೆ ಅದು ಕುಂದಾಪುರದ ಕಡೆಯ ಒಂದು ಹಳ್ಳಿ, ಅಂಕೋಲೆಯ ಕಡೆಯ ಒಂದು ಕೇರಿ. ಡಯಾಸ್ಪೊರಾದ ಸಿದ್ಧಾಂತಕಾರರು ನಾಡನ್ನು ಕುರಿತು ಮಾತನಾಡುತ್ತಾರೆ, ಮುಂಬಯಿ ಕನ್ನಡಿಗರು ಊರನ್ನು ಕುರಿತು. ನಾಡಿಗೆ ಮರಳುವುದು ಆದರ್ಶ, ಊರಿಗೆ ಹೋಗುವುದು ವರ್ಷವರ್ಷದ ರೂಢಿ. ಮೊದಲು ಕರಾವಳಿಯ ಹಡಗಿನಲ್ಲಿ, ಬಳಿಕ ಬಸ್ಸಿನಲ್ಲಿ, 1998ರಿಂದ ಕೊಂಕಣ ರೈಲಿನಲ್ಲಿ ನಡೆದಿರುವ ಈ ಹೋಗಿಬರುವಿಕೆ ರಾವೆನ್‌ಸ್ಟೈನ್ ಹೇಳಿದ ಮರುಪ್ರವಾಹವೇ ಆಗಿದೆ.

ಹಾಗೆಂದು ಡಯಾಸ್ಪೊರಾ ಎಂಬುದು ಮುಂಬಯಿಗೆ ಸಂಪೂರ್ಣ ಅನ್ಯವೆಂದು ಭಾವಿಸಬೇಕಾಗಿಲ್ಲ. ಸಾರಸ್ವತ ಮನೆತನಗಳ ಚರಿತ್ರೆಯಲ್ಲಿ ಎರಡೂ ಪದರಗಳಿವೆ. ಪೋರ್ಚುಗೀಸರ ಆಳ್ವಿಕೆಯಲ್ಲಿ ಗೋವೆಯನ್ನು ತೊರೆದು ಕನ್ನಡ ಕರಾವಳಿಯುದ್ದಕ್ಕೂ ಹರಡಿದುದು ಭಯದಿಂದಾದ ಚದುರುವಿಕೆ. ಗೋವೆಯ ಕುಲದೇವತೆಯ ಸನ್ನಿಧಿಗೆ ಇಂದಿಗೂ ನಡೆದುಕೊಳ್ಳುವ ಮನೆತನಗಳಲ್ಲಿ ಆ ಸಾಮೂಹಿಕ ಸ್ಮೃತಿ ಜೀವಂತವಾಗಿದೆ. ಅದೇ ಮನೆತನಗಳವರು ವಿದ್ಯೆ ಮತ್ತು ನೌಕರಿಗಾಗಿ ಕರಾವಳಿಯಿಂದ ಮುಂಬಯಿಗೆ ಬಂದುದು ವಲಸೆ. ಗಾಮದೇವಿಯಲ್ಲಿ 1915ರಲ್ಲಿ ಸಹಕಾರಿ ಗೃಹನಿರ್ಮಾಣ ಸಂಘ ಕಟ್ಟಿ ನೆಲೆನಿಂತ ಅವರು ಕಳೆದುಕೊಂಡ ನಾಡನ್ನು ನೆನೆದು ಮರುಗಿದ್ದಕ್ಕಿಂತ ಹೊಸ ನಗರದಲ್ಲಿ ವಾಸ ಮಾಡುವ ಬಗೆಯನ್ನು ಚಿಂತಿಸಿದರು. ಒಂದೇ ಕುಲದ ಎರಡು ಪಯಣಗಳಿಗೆ ಎರಡು ಹೆಸರುಗಳು ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

5

ಕೃತಿಗಳ ವಿಮರ್ಶೆಯಲ್ಲಿ ಈ ಅಂತರದ ಪ್ರಯೋಜನವೇನು? ಮೂವರು ಲೇಖಕರನ್ನು ಮಾತ್ರ ಇಲ್ಲಿ ಗಮನಿಸುತ್ತೇವೆ.

ಯಶವಂತ ಚಿತ್ತಾಲರು ಹನೇಹಳ್ಳಿಯಲ್ಲಿ ಹುಟ್ಟಿ ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರು. ಅವರ ಕಥೆಗಳಲ್ಲಿ ಹನೇಹಳ್ಳಿ ಮತ್ತೆ ಮತ್ತೆ ಬರುವುದರಿಂದ ಅವರನ್ನು ತಾಯ್ನಾಡಿನ ಹಂಬಲದ ಲೇಖಕರೆಂದು ಓದುವುದು ಸುಲಭ. 1979ರಲ್ಲಿ ಪ್ರಕಟವಾದ ಶಿಕಾರಿ ಈ ಓದನ್ನು ತಡೆಯುತ್ತದೆ. ತನ್ನ ಮೇಲಿನ ಆಪಾದನೆ ಏನೆಂಬುದೇ ಸ್ಪಷ್ಟವಾಗದೆ ಕಂಪನಿಯ ನೌಕರಿಯಿಂದ ಅಮಾನತುಗೊಂಡ ನಾಗಪ್ಪನಿಗೆ ಹುಟ್ಟೂರಿನ ನೆನಪು ಆಸರೆಯಾಗುವುದಿಲ್ಲ. ಅವನ ಭಯದ ಬೇರುಗಳಲ್ಲಿ ಕೆಲವು ಅಲ್ಲಿಯೇ ಇವೆ. ಅವನ ಬೆನ್ನುಹತ್ತಿದವರಲ್ಲಿ ಫಿರೋಜ್ ಬಂದೂಕವಾಲಾನಂಥ ನಗರದ ಅಧಿಕಾರಿ ಇರುವಂತೆ ಅವನ ಕಡೆಯವನೇ ಆದ ಶ್ರೀನಿವಾಸನೂ ಇದ್ದಾನೆ. ತಾಯ್ನಾಡು ಸುರಕ್ಷಿತ, ಪರಸ್ಥಳ ಅಪಾಯಕರ ಎಂಬ ಡಯಾಸ್ಪೊರಾದ ಸರಳ ವಿಭಜನೆ ಇಲ್ಲಿ ನಿಲ್ಲುವುದಿಲ್ಲ. ನಾಗಪ್ಪನ ಬಿಕ್ಕಟ್ಟು ಕನ್ನಡಿಗನೊಬ್ಬನು ಮರಾಠಿ ನಗರದಲ್ಲಿ ಎದುರಿಸಿದ್ದಲ್ಲ. ಮನುಷ್ಯನು ಮನುಷ್ಯನನ್ನು ಬೇಟೆಯಾಡುವ ವ್ಯವಸ್ಥೆಯೊಂದರಲ್ಲಿ ಒಂಟಿಯಾದವನ ಬಿಕ್ಕಟ್ಟು ಅದು. ಇದನ್ನು ಡಯಾಸ್ಪೊರಾ ಕಾದಂಬರಿ ಎಂದರೆ ಅದರ ಕೇಂದ್ರವನ್ನೇ ತಪ್ಪಿಸಿದಂತಾಗುತ್ತದೆ.

ವ್ಯಾಸರಾಯ ಬಲ್ಲಾಳರ ಬಂಡಾಯ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆಯಿತು. ಉಡುಪಿಯಿಂದ ಬಂದ ಲೇಖಕರು ಇಲ್ಲಿ ಮುಂಬಯಿಯ ಕಾರ್ಮಿಕ ಹೋರಾಟವನ್ನು ವಸ್ತುವಾಗಿಸಿಕೊಂಡರು. ಹೋರಾಟಕ್ಕಿಳಿದವರನ್ನು ಒಗ್ಗೂಡಿಸುವುದು ದುಡಿಮೆ. ಯಾರು ಎಲ್ಲಿಂದ ಬಂದರೆಂಬ ಪ್ರಶ್ನೆ ಅದರ ಹಿಂದೆ ನಿಲ್ಲುತ್ತದೆ. ವಲಸೆ ನಗರದ ರಾಜಕಾರಣವಾಗಿ ಪರಿವರ್ತನೆಯಾಗುವ ಬಗೆಯನ್ನು ಈ ಕಾದಂಬರಿಯಲ್ಲಿ ಅಭ್ಯಾಸ ಮಾಡಬಹುದು.

ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ಇನ್ನೂ ಮುಂದೆ ಹೋಗುತ್ತವೆ. ಗೋಕರ್ಣದಿಂದ ಬಂದು ಎರಡು ದಶಕಗಳಷ್ಟು ಕಾಲ ಆ ನಗರದಲ್ಲಿದ್ದ ಅವರ ಕಥೆಗಳಲ್ಲಿ ಕನ್ನಡಿಗ ಪಾತ್ರಗಳೇ ವಿರಳ. ದಗಡೂ ಪರಬನು ಹೆಸರಿನಿಂದಲೇ ಮರಾಠಿಗ. ಸಿನಿಮಾದ ಸಾಹಸಕಾರ, ಚಿತ್ರಮಂದಿರದ ಕಸಗುಡಿಸುವವ, ಚಾಳಿನ ನೆರೆಹೊರೆ ಇವರ ಮೂಲಕ ನಗರ ಕನ್ನಡದಲ್ಲಿ ಮಾತನಾಡುತ್ತದೆ. ತೇಜಸ್ವಿನಿ ನಿರಂಜನ ಅವರು ಇವುಗಳಲ್ಲಿ ಕೆಲವನ್ನು ಇಂಗ್ಲಿಷಿಗೆ ತಂದ ಸಂಕಲನಕ್ಕೆ 2018ನೆಯ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿ.ಎಸ್.ಸಿ. ಪ್ರಶಸ್ತಿ ದೊರೆತಾಗ ಅದರ ಉಪಶೀರ್ಷಿಕೆಯಲ್ಲಿದ್ದದ್ದು ಮುಂಬಯಿ ಕಥೆಗಳು ಎಂಬ ಮಾತು. ತಾಯ್ನಾಡಿನ ಸ್ಮೃತಿಯೂ ಇಲ್ಲ, ಮರಳುವ ಆದರ್ಶವೂ ಇಲ್ಲ, ಕನ್ನಡ ಸಮುದಾಯವೂ ಇಲ್ಲ. ಸಾಫ್ರಾನ್ ಅವರ ಒರೆಗಲ್ಲಿಗೆ ಉಜ್ಜಿದರೆ ಇಲ್ಲಿ ಡಯಾಸ್ಪೊರಾದ ಒಂದು ಗುಣವೂ ಕಾಣದು. ಆದರೂ ಮುಂಬಯಿ ಕನ್ನಡ ಸಾಹಿತ್ಯದ ಶ್ರೇಷ್ಠ ಭಾಗ ಇದೇ. ಸಿದ್ಧಾಂತ ಹೊಂದದಿದ್ದರೆ ಕೃತಿಯನ್ನು ಕತ್ತರಿಸಬೇಕಾಗಿಲ್ಲ, ಶಬ್ದವನ್ನು ಬದಲಿಸಿದರೆ ಸಾಕು.

6

ಇಷ್ಟು ಹೇಳಿದ ಮೇಲೆ ಈ ಗೊಂದಲದಿಂದಾಗುವ ಎರಡು ನಷ್ಟಗಳನ್ನು ಎತ್ತಿ ತೋರಿಸಬೇಕು.

ಮೊದಲನೆಯದು ಬಿಟ್ಟುಹೋದವರ ಪ್ರಶ್ನೆ. ಡಯಾಸ್ಪೊರಾ ಎಂಬ ಶಬ್ದ ಸಂಘ, ಭವನ, ಪತ್ರಿಕೆ, ಸ್ಮರಣಸಂಚಿಕೆ ಉಳ್ಳ ನೆಲೆನಿಂತ ಸಮುದಾಯವನ್ನು ಮಾತ್ರ ಕಾಣಿಸುತ್ತದೆ. ಕಲಬುರಗಿ, ವಿಜಯಪುರ ಮೊದಲಾದ ಜಿಲ್ಲೆಗಳಿಂದ ಗುಳೆ ಬಂದು ಮುಂಬಯಿಯ ಉಪನಗರಗಳ ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗಾಗಿ ಕಾದು ನಿಲ್ಲುವ ಕಟ್ಟಡ ಕೆಲಸದವರು ಈ ಚೌಕಟ್ಟಿನೊಳಗೆ ಬರುವುದೇ ಇಲ್ಲ. ಅವರಾಡುವುದೂ ಕನ್ನಡವೇ, ಲಂಬಾಣಿ ತಾಂಡಾಗಳಿಂದ ಬಂದವರಿಗೆ ಕನ್ನಡ ಎರಡನೆಯ ಮಾತು. ಮುಂಬಯಿ ಕನ್ನಡಿಗರ ಸಾಧನೆಯನ್ನು ದಾಖಲಿಸುವ ಗ್ರಂಥಗಳಲ್ಲಿ ಕರಾವಳಿಯವರ ಇತಿಹಾಸ ವಿಸ್ತಾರವಾಗಿ ಬರುತ್ತದೆ, ಇವರದು ಬರುವುದು ಅಪರೂಪ. ಇದಕ್ಕೆ ದುರುದ್ದೇಶ ಕಾರಣವೆಂದು ನಾವು ಹೇಳುವುದಿಲ್ಲ. ಆಯ್ದುಕೊಂಡ ಶಬ್ದವೇ ಅವರನ್ನು ಹೊರಗಿಟ್ಟಿದೆ. ಗುಳೆ ಎಂಬ ಶಬ್ದವನ್ನು ಪರಿಭಾಷೆಯಾಗಿ ಸ್ವೀಕರಿಸಿದರೆ ಈ ಜನರ ಹಾಡು, ಕಥನ, ಮಾತುಕತೆಗಳ ಸಂಗ್ರಹಕ್ಕೆ ದಾರಿಯಾಗುತ್ತದೆ.

ಎರಡನೆಯದು ಕಾಲಕ್ಕೆ ಸಂಬಂಧಿಸಿದ್ದು. ಮುಂಬಯಿಯಲ್ಲಿ ಕನ್ನಡ ಸಾಹಿತ್ಯವನ್ನು ಸೃಷ್ಟಿಸಿದ ಪ್ರಮುಖರಲ್ಲಿ ಹೆಚ್ಚಿನವರು ಸ್ವತಃ ವಲಸೆ ಬಂದ ತಲೆಮಾರಿನವರು. ಅವರ ಮೊಮ್ಮಕ್ಕಳು ಆ ನಗರದಲ್ಲಿಯೇ ಹುಟ್ಟಿದವರು, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಇವರಲ್ಲಿ ಹಲವರಿಗೆ ಕನ್ನಡ ಲಿಪಿ ಬಾರದು. ಅವರಿಗೆ ಊರು ಎಂದರೆ ರಜೆಯಲ್ಲಿ ಕಂಡ ಮನೆ, ಕೋಲದ ರಾತ್ರಿ, ಅಜ್ಜಿಯ ಮಾತು. ಸಾಮೂಹಿಕ ಸ್ಮೃತಿ, ಕಲ್ಪಿತ ತಾಯ್ನಾಡು, ಗುರುತಿನ ಹುಡುಕಾಟ ಇವೆಲ್ಲ ನಿಜವಾಗಿ ಮೊಳೆಯುವುದು ಈ ತಲೆಮಾರಿನಲ್ಲಿ. ಎಂದರೆ ಸಾಹಿತ್ಯವಿದ್ದಾಗ ಡಯಾಸ್ಪೊರಾ ಇರಲಿಲ್ಲ, ಡಯಾಸ್ಪೊರಾ ರೂಪುಗೊಳ್ಳುವ ಹೊತ್ತಿಗೆ ಅದನ್ನು ಕನ್ನಡದಲ್ಲಿ ಬರೆಯಬಲ್ಲವರು ಕಡಮೆಯಾಗುತ್ತಿದ್ದಾರೆ. ಎರಡು ಶಬ್ದಗಳನ್ನು ಬೆರೆಸಿದವರಿಗೆ ಈ ಬಿಕ್ಕಟ್ಟು ಕಾಣುವುದಿಲ್ಲ. ಚಿತ್ತಾಲರನ್ನು ಡಯಾಸ್ಪೊರಾ ಲೇಖಕರೆಂದು ಕರೆದು ತೃಪ್ತರಾದ ವಿಮರ್ಶೆ, ನಾಳೆ ಆ ಹೆಸರಿಗೆ ನಿಜವಾಗಿ ಅರ್ಹರಾದವರು ಯಾವ ಭಾಷೆಯಲ್ಲಿ ಬರೆಯುತ್ತಾರೆಂಬ ಪ್ರಶ್ನೆಯನ್ನು ಕೇಳಲಾರದು.

ಪರಿಭಾಷೆಯ ಬಗೆಗೆ ನಮ್ಮ ಸೂಚನೆ ಹೀಗಿದೆ. ಚಲನೆಯನ್ನು ಹೇಳುವಾಗ ವಲಸೆ ಎನ್ನಬಹುದು. ಋತುಮಾನದ ದುಡಿಮೆಯ ಹೋಗಿಬರುವಿಕೆಗೆ ಗುಳೆ ಎಂಬುದನ್ನೇ ಉಳಿಸಿಕೊಳ್ಳಬೇಕು. ಹೊರನಾಡು ಎಂಬುದನ್ನು 1956ರ ನಂತರದ ಆಡಳಿತಾತ್ಮಕ ಅರ್ಥದಲ್ಲಿ ಮಾತ್ರ ಬಳಸಬೇಕು, ಅದಕ್ಕೆ ಮೊದಲಿನ ಲೇಖಕರಿಗೆ ಅದನ್ನು ಅನ್ವಯಿಸಬಾರದು. ಡಯಾಸ್ಪೊರಾ ಶಬ್ದಕ್ಕೆ ಅವಸರದಿಂದ ಸಂಸ್ಕೃತ ಸಮಾಸವೊಂದನ್ನು ಹೊಸೆಯುವ ಬದಲು ಅದನ್ನು ಹಾಗೆಯೇ ಇಟ್ಟುಕೊಂಡು, ಚದುರುವಿಕೆ ಮತ್ತು ಸಾಮೂಹಿಕ ಸ್ಮೃತಿ ಎರಡೂ ಇರುವಲ್ಲಿ ಮಾತ್ರ ಪ್ರಯೋಗಿಸುವುದು ಲೇಸು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಕರ್ನಾಟಕದ ಹೊರಗಿನ ಇತರ ಅಧ್ಯಯನ ಪೀಠಗಳೂ ಕೂಡಿ ನಾಕಾಗಳ ಕನ್ನಡವನ್ನೂ ಮೂರನೆಯ ತಲೆಮಾರಿನ ಬಾಯ್ದೆರೆಯ ನೆನಪುಗಳನ್ನೂ ದಾಖಲಿಸುವ ಯೋಜನೆಯೊಂದನ್ನು ಕೈಗೊಂಡರೆ ಈ ಚರ್ಚೆ ಶಬ್ದಗಳಿಂದ ಸಾಮಗ್ರಿಯ ಕಡೆಗೆ ಸಾಗುತ್ತದೆ. ಆ ತಲೆಮಾರಿನವರು ಅಜ್ಜಿಯ ಮಾತನ್ನು ನೆನಪಿಟ್ಟುಕೊಂಡಿರುವಾಗಲೇ ಆ ಕಾರ್ಯ ನಡೆಯಬೇಕಾಗಿದೆ.